ಕಬ್ಬಿಣದ ಕೈಯ ನೈಟ್: ಗೋಟ್ಸ್ ಫಾನ್ ಬರ್ಲಿಖಿಂಗೆನ್‌ನ ಬದುಕು ಮತ್ತು ಮನೆತನ

ಮಧ್ಯಯುಗದ ಜರ್ಮನಿಯ ನೈಟ್‌ಗಳ ಪೈಕಿ ಇಂದಿಗೂ ಜನಸಾಮಾನ್ಯರ ಬಾಯಲ್ಲಿ ಉಳಿದಿರುವ ಹೆಸರು ಗೋಟ್ಸ್ ಫಾನ್ ಬರ್ಲಿಖಿಂಗೆನ್. ಯುದ್ಧದಲ್ಲಿ ಬಲಗೈ ಕಳೆದುಕೊಂಡು, ಅದರ ಜಾಗದಲ್ಲಿ ಕಬ್ಬಿಣದ ಕೈ ತೊಟ್ಟು, ನಾಲ್ಕು ದಶಕಗಳ ಬಳಿಕವೂ ಕುದುರೆಯೇರಿ ರಣರಂಗಕ್ಕೆ ಹೊರಟ ಈತನನ್ನು ಮಹಾಕವಿ ಗಯಟೆ ತನ್ನ ತಾರುಣ್ಯದಲ್ಲಿ ನಾಟಕವೊಂದರ ನಾಯಕನನ್ನಾಗಿ ಮಾಡಿದ. 1773ರಲ್ಲಿ ಪ್ರಕಟವಾದ ಆ ನಾಟಕದಿಂದ ಗೋಟ್ಸ್ ಸ್ವಾತಂತ್ರ್ಯಪ್ರೇಮಿ ವೀರನೆಂದು ಯೂರೋಪಿನಾದ್ಯಂತ ಪ್ರಸಿದ್ಧನಾದ.

ದಾಖಲೆಗಳಲ್ಲಿ ಕಾಣುವ ಗೋಟ್ಸ್‌ನ ಬದುಕು ಇದಕ್ಕಿಂತ ಜಟಿಲವಾದುದು. ಎಂಬತ್ತು ದಾಟಿದ ಆಯುಷ್ಯದಲ್ಲಿ ಆತ ಸುಮಾರು ಹದಿನೈದು ವರ್ಷಗಳನ್ನು ಸೆರೆಯಲ್ಲೋ ನಿರ್ಬಂಧದಲ್ಲೋ ಕಳೆದ. ಅದರಲ್ಲಿ ಹತ್ತು ವರ್ಷ ಆತನನ್ನು ಕಟ್ಟಿಹಾಕಿದ್ದು ಸರಪಳಿಯೂ ಅಲ್ಲ, ಕಾವಲುಗಾರರೂ ಅಲ್ಲ. ಆತನೇ ಮಾಡಿದ ಒಂದು ಪ್ರತಿಜ್ಞೆ. ತನ್ನ ನ್ಯಾಯವನ್ನು ತಾನೇ ಕತ್ತಿಯಿಂದ ಪಡೆಯುವ ಹಳೆಯ ಹಕ್ಕು ಕಾನೂನಿನಿಂದ ರದ್ದಾದ ಮೇಲೂ ಅದನ್ನು ನಂಬಿ ಬದುಕಿದವನ ಕಥೆ ಇದು. ಆ ನಂಬಿಕೆಗೆ ಆತ ತೆತ್ತ ಬೆಲೆ ದೊಡ್ಡದು. ಆತನ ದಾರಿಗೆ ಸಿಕ್ಕವರು ತೆತ್ತ ಬೆಲೆಯೂ ಸಣ್ಣದಲ್ಲ.

ಮನೆತನ ಮತ್ತು ಬಾಲ್ಯ

ಇಂದಿನ ಜರ್ಮನಿಯ ನೈಋತ್ಯ ಭಾಗದ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಯಾಗ್ಸ್ಟ್ ಎಂಬ ನದಿ ಹರಿಯುತ್ತದೆ. ಅದರ ದಂಡೆಯಲ್ಲಿರುವ ಬರ್ಲಿಖಿಂಗೆನ್ ಎಂಬ ಊರಿನಿಂದಲೇ ಈ ಮನೆತನಕ್ಕೆ ಹೆಸರು ಬಂದಿತು. ಸಮೀಪದ ಶೋನ್‌ಟಾಲ್ ಎಂಬಲ್ಲಿ 12ನೆಯ ಶತಮಾನದಲ್ಲಿ ಸಿಸ್ಟರ್ಸಿಯನ್ ಪಂಥದ ಸಂನ್ಯಾಸಿಗಳ ಮಠವೊಂದು ಸ್ಥಾಪನೆಯಾಯಿತು. ತಲೆಮಾರುಗಳ ಕಾಲ ಬರ್ಲಿಖಿಂಗೆನ್ ವಂಶದವರ ಸಮಾಧಿಸ್ಥಳವೂ ಇದೇ ಮಠವಾಗಿತ್ತು.

ಗೋಟ್ಸ್ ಎಂಬುದು ಗಾಟ್‌ಫ್ರೀಡ್ ಎಂಬ ಹೆಸರಿನ ಕಿರುರೂಪ. ಆತ ಹುಟ್ಟಿದ್ದು 1480ರ ಸುಮಾರಿಗೆ. ತಂದೆ ಕಿಲಿಯನ್ ಫಾನ್ ಬರ್ಲಿಖಿಂಗೆನ್, ತಾಯಿ ಮಾರ್ಗರೆಥಾ ಫಾನ್ ಥ್ಯೂಂಗೆನ್. ಕುಟುಂಬದ ನೆಲೆ ಯಾಗ್ಸ್ಟ್‌ಹೌಸನ್ ಎಂಬ ಊರಿನ ಕೋಟೆಮನೆ. ಇವರು ರಾಜರೂ ಅಲ್ಲ, ದೊಡ್ಡ ಪಾಳೆಯಗಾರರೂ ಅಲ್ಲ. ಕೆಲವು ಹಳ್ಳಿಗಳ ಗೇಣಿ, ಕಾಡು, ಹೊಲ, ದ್ರಾಕ್ಷಿತೋಟಗಳ ಆದಾಯವನ್ನು ನಂಬಿದ ಕೆಳಹಂತದ ಕುಲೀನರು. ಹೀಗಿದ್ದರೂ ತಮ್ಮ ಮೇಲೆ ಸಾಮ್ರಾಟನೊಬ್ಬನನ್ನು ಬಿಟ್ಟು ಬೇರೆ ಒಡೆಯರಿಲ್ಲ ಎಂಬ ಅಭಿಮಾನ ಇಂಥ ಮನೆತನಗಳಲ್ಲಿ ಬಲವಾಗಿತ್ತು.

ಅಣ್ಣಂದಿರಿದ್ದ ಮನೆಯಲ್ಲಿ ಕಿರಿಯ ಮಗನಿಗೆ ಆಸ್ತಿಯಿಂದ ಹೆಚ್ಚಿನದೇನೂ ದಕ್ಕುವಂತಿರಲಿಲ್ಲ. ಬಾಲಕನನ್ನು ನೀಡರ್ನ್‌ಹಾಲ್ ಎಂಬ ಊರಿನ ಶಾಲೆಗೆ ಕಳುಹಿಸಲಾಯಿತು. ಅಕ್ಷರಕ್ಕಿಂತ ಕುದುರೆಗಳ ಮೇಲೆಯೇ ತನ್ನ ಮನಸ್ಸಿತ್ತೆಂದು ಆತ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾನೆ. ಒಂದು ವರ್ಷದಲ್ಲಿಯೇ ಶಾಲೆ ಮುಗಿಯಿತು. ಬಂಧುವಾದ ಕೊನ್ರಾಡ್ ಫಾನ್ ಬರ್ಲಿಖಿಂಗೆನ್ ಹುಡುಗನನ್ನು ತನ್ನ ಸೇವೆಗೆ ಸೇರಿಸಿಕೊಂಡ. ಹಲವು ಅರಸರ ಆಸ್ಥಾನಗಳಲ್ಲಿ ಮನ್ನಣೆ ಪಡೆದಿದ್ದ ಈ ಹಿರಿಯನ ಜೊತೆ ಗೋಟ್ಸ್ 1495ರಲ್ಲಿ ವೋರ್ಮ್ಸ್ ನಗರದ ಸಾಮ್ರಾಜ್ಯ ಸಭೆಗೆ ಹೋದ. ಆಗ ಆತನಿಗೆ ಸುಮಾರು ಹದಿನೈದು ವರ್ಷ.

ವೋರ್ಮ್ಸ್ ಸಭೆಯ ತೀರ್ಮಾನ

ಗೋಟ್ಸ್‌ನ ಬದುಕನ್ನು ಅರ್ಥಮಾಡಿಕೊಳ್ಳಲು ಆ ಸಭೆಯಲ್ಲಿ ನಡೆದುದನ್ನು ತಿಳಿಯುವುದು ಅವಶ್ಯಕ. ಅಂದಿನ ಜರ್ಮನಿ ಒಂದು ದೇಶವಾಗಿರಲಿಲ್ಲ. ಸಾಮ್ರಾಟನ ಹೆಸರಿನಲ್ಲಿ ಒಂದುಗೂಡಿದ್ದ ನೂರಾರು ಸಂಸ್ಥಾನಗಳು, ಬಿಷಪ್‌ಗಳ ರಾಜ್ಯಗಳು, ಸ್ವತಂತ್ರ ನಗರಗಳು ಅದರೊಳಗಿದ್ದವು. ಅನ್ಯಾಯಕ್ಕೊಳಗಾದ ಕುಲೀನನಿಗೆ ನ್ಯಾಯ ದೊರೆಯದಿದ್ದಲ್ಲಿ ಎದುರಾಳಿಯ ಮೇಲೆ ಖಾಸಗಿ ಸಮರ ಸಾರುವ ಹಕ್ಕು ಪರಂಪರೆಯಿಂದ ಬಂದಿತ್ತು. ಜರ್ಮನ್ ಭಾಷೆಯಲ್ಲಿ ಇದಕ್ಕೆ ಫೇಡೆ ಎಂದು ಹೆಸರು.

ಫೇಡೆಗೂ ನಿಯಮಗಳಿದ್ದವು. ಮೂರು ದಿನ ಮುಂಚಿತವಾಗಿ ಪತ್ರದ ಮೂಲಕ ವೈರವನ್ನು ತಿಳಿಸಬೇಕಿತ್ತು. ಅನಂತರ ಎದುರಾಳಿಯ ಜನರನ್ನು ಹಿಡಿಯುವುದು, ದನಕರುಗಳನ್ನು ಹೊಡೆದುಕೊಂಡು ಹೋಗುವುದು, ಹಳ್ಳಿಗಳಿಗೆ ಬೆಂಕಿ ಇಡುವುದು ನ್ಯಾಯಸಮ್ಮತವೆನಿಸುತ್ತಿತ್ತು. ಇಬ್ಬರು ಒಡೆಯರ ಜಗಳದಲ್ಲಿ ಸುಟ್ಟುಹೋಗುತ್ತಿದ್ದುದು ಬಹುಮಟ್ಟಿಗೆ ರೈತರ ಗುಡಿಸಲುಗಳೇ.

1495ರ ಆಗಸ್ಟ್ 7ರಂದು ಮ್ಯಾಕ್ಸಿಮಿಲಿಯನ್ ಅರಸನ ಹೆಸರಿನಲ್ಲಿ ವೋರ್ಮ್ಸ್ ಸಭೆ ಈ ಹಕ್ಕನ್ನು ಶಾಶ್ವತವಾಗಿ ರದ್ದುಪಡಿಸಿತು. ವ್ಯಾಜ್ಯಗಳನ್ನು ತೀರ್ಮಾನಿಸಲು ಸಾಮ್ರಾಜ್ಯದ ಉನ್ನತ ನ್ಯಾಯಾಲಯವೊಂದು ಸ್ಥಾಪನೆಯಾಯಿತು. ಆದರೆ ತೀರ್ಪನ್ನು ಜಾರಿಗೊಳಿಸುವ ಶಕ್ತಿ ಆ ನ್ಯಾಯಾಲಯಕ್ಕೆ ಇನ್ನೂ ಬಂದಿರಲಿಲ್ಲ. ಕಾನೂನು ಬದಲಾಯಿತು, ರೂಢಿ ಬದಲಾಗಲಿಲ್ಲ. ಈ ಎರಡರ ನಡುವಿನ ಬಿರುಕಿನಲ್ಲಿಯೇ ಗೋಟ್ಸ್‌ನ ಯೌವನವೆಲ್ಲ ಕಳೆಯಿತು.

1497ರಲ್ಲಿ ಲಿಂಡಾವ್ ನಗರದಲ್ಲಿ ಕೊನ್ರಾಡ್ ತೀರಿಕೊಂಡ. ಮರುವರ್ಷ ತಂದೆಯೂ ಗತಿಸಿದ. ಗೋಟ್ಸ್ ಬ್ರಾಂಡೆನ್‌ಬರ್ಗ್-ಆನ್ಸ್‌ಬಾಖ್‌ನ ದೊರೆ ಫ್ರೆಡರಿಕ್‌ನ ಸೇವೆಗೆ ಸೇರಿದ. 1498ರಲ್ಲಿ ಮ್ಯಾಕ್ಸಿಮಿಲಿಯನ್‌ನ ಪಡೆಯೊಂದಿಗೆ ಬರ್ಗಂಡಿ, ಲೊರೇನ್ ಪ್ರಾಂತ್ಯಗಳಿಗೂ, 1499ರಲ್ಲಿ ಸ್ವಿಸ್ ಜನರ ವಿರುದ್ಧದ ಯುದ್ಧಕ್ಕೂ ಹೋಗಿ ಬಂದ. ಇಪ್ಪತ್ತರ ಹೊತ್ತಿಗೆ ಆತ ಪಳಗಿದ ಸವಾರನಾಗಿದ್ದ.

ಕೈ ಹೋಯಿತು, ಕಬ್ಬಿಣ ಬಂದಿತು

1504ರಲ್ಲಿ ಬವೇರಿಯಾದ ಉತ್ತರಾಧಿಕಾರಕ್ಕಾಗಿ ಯುದ್ಧ ಹುಟ್ಟಿಕೊಂಡಿತು. ಗೋಟ್ಸ್ ಬವೇರಿಯಾದ ನಾಲ್ಕನೆಯ ಆಲ್ಬ್ರೆಕ್ಟ್‌ನ ಪಕ್ಷದಲ್ಲಿದ್ದ. ಆತನ ಇಬ್ಬರು ಸಹೋದರರು ಎದುರು ಪಕ್ಷದಲ್ಲಿದ್ದರು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಒಡೆಯರ ಅನ್ನ ಉಂಡು ಎದುರುಬದುರಾಗಿ ನಿಲ್ಲುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ.

ಅದೇ ಬೇಸಿಗೆಯಲ್ಲಿ ಲ್ಯಾಂಡ್ಸ್‌ಹುಟ್ ನಗರದ ಮುತ್ತಿಗೆಯ ವೇಳೆ ಫಿರಂಗಿಯ ಗುಂಡೊಂದು ಗೋಟ್ಸ್‌ನ ಕತ್ತಿಯ ಹಿಡಿಗೆ ಬಡಿಯಿತು. ಗುಂಡು ಹಾರಿದ್ದು ತನ್ನದೇ ಪಕ್ಷದಲ್ಲಿದ್ದ ನ್ಯೂರೆಂಬರ್ಗ್ ಜನರ ತೋಪಿನಿಂದ ಎಂದು ಆತ ಬರೆಸಿದ್ದಾನೆ. ಹಿಡಿ ಎರಡು ತುಂಡಾಯಿತು. ಬಲಗೈ ಮಣಿಕಟ್ಟಿನ ಬಳಿ ನಜ್ಜುಗುಜ್ಜಾಗಿ, ಚರ್ಮದ ಆಸರೆಯಲ್ಲಷ್ಟೇ ಜೋತಾಡುತ್ತಿತ್ತು.

ಮುಂದಿನ ವರ್ಷದ ಆರಂಭದವರೆಗೂ ಗೋಟ್ಸ್ ಹಾಸಿಗೆ ಹಿಡಿದ. ಯೋಧನಾಗಿ ನಿಷ್ಪ್ರಯೋಜಕನಾದ ಮೇಲೆ ಬದುಕುವುದೇಕೆಂದು ಸಾವನ್ನು ಬೇಡಿಕೊಂಡನೆಂದೂ, ಒಂದೇ ಕೈಯಲ್ಲಿ ಹೋರಾಡುತ್ತಿದ್ದ ಸವಾರನೊಬ್ಬನ ನೆನಪು ಬಂದು ಧೈರ್ಯ ತಂದುಕೊಂಡನೆಂದೂ ಆತನ ಆತ್ಮಕಥನದಿಂದ ತಿಳಿಯುತ್ತದೆ. ಆಗ ಆತನಿಗೆ ಇಪ್ಪತ್ತನಾಲ್ಕರ ವಯಸ್ಸು.

ಗೋಟ್ಸ್‌ಗಾಗಿ ತಯಾರಾದ ಕಬ್ಬಿಣದ ಕೈಗಳು ಎರಡು. ಮೊದಲನೆಯದು ಸರಳವಾದುದು; ನಾಲ್ಕು ಬೆರಳುಗಳು ಎರಡೆರಡಾಗಿ ಜೋಡಿಯಲ್ಲಿ ಮಡಿಯುತ್ತಿದ್ದವು. ಎರಡನೆಯದು ಕುಶಲ ಕರ್ಮಿಯ ಅದ್ಭುತ. ಅದರಲ್ಲಿ ಪ್ರತಿ ಬೆರಳೂ ಗೆಣ್ಣುಗಳಲ್ಲಿ ಬಾಗುತ್ತದೆ. ಎಡಗೈಯಿಂದ ಒತ್ತಿ ಬಾಗಿಸಿದರೆ ಒಳಗಿನ ಹಲ್ಲುಚಕ್ರ ಮತ್ತು ಸ್ಪ್ರಿಂಗ್‌ಗಳು ಬೆರಳನ್ನು ಅದೇ ಭಂಗಿಯಲ್ಲಿ ಹಿಡಿದು ನಿಲ್ಲಿಸುತ್ತವೆ. ಗುಂಡಿ ಅದುಮಿದರೆ ಬೆರಳುಗಳು ಮತ್ತೆ ಬಿಚ್ಚಿಕೊಳ್ಳುತ್ತವೆ. ಕುದುರೆಯ ಲಗಾಮನ್ನು ಹಿಡಿಯುವುದರಿಂದ ಹಿಡಿದು ಗರಿಯ ಲೇಖನಿ ಹಿಡಿಯುವವರೆಗೆ ಅದು ಉಪಯೋಗಕ್ಕೆ ಬರುತ್ತಿತ್ತು. ಈ ಎರಡೂ ಕೈಗಳನ್ನು ಯಾಗ್ಸ್ಟ್‌ಹೌಸನ್ ಕೋಟೆಯಲ್ಲಿ ಕಾಪಾಡಿಕೊಂಡು ಬರಲಾಗಿದೆ. ಇತ್ತೀಚಿನ ವರ್ಷಗಳಲ್ಲಿ ಆಫೆನ್‌ಬರ್ಗ್ ನಗರದ ತಾಂತ್ರಿಕ ಕಾಲೇಜಿನ ಸಂಶೋಧಕರು ಮೊದಲನೆಯ ಕೈಯ ಪ್ರತಿರೂಪವನ್ನು ತ್ರಿಆಯಾಮ ಮುದ್ರಣದಿಂದ ಮರುಸೃಷ್ಟಿಸಿದ್ದಾರೆ.

ವೈರವೇ ವೃತ್ತಿ

ಕೈ ಹೋದ ಮೇಲೆಯೇ ಗೋಟ್ಸ್‌ನ ಹೆಸರು ನಾಡಿನಾದ್ಯಂತ ಹಬ್ಬಿತು. ತನಗಾಗಿ ಹದಿನೈದರಷ್ಟು ಫೇಡೆಗಳನ್ನು ನಡೆಸಿದೆನೆಂದೂ, ಸ್ನೇಹಿತರಿಗಾಗಿ ನಡೆಸಿದವು ಬೇರೆಯೆಂದೂ ಆತ ಮುಪ್ಪಿನಲ್ಲಿ ಲೆಕ್ಕ ಹಾಕಿದ್ದಾನೆ.

ಅವುಗಳಲ್ಲಿ ಕಲೋನ್ ನಗರದ ವಿರುದ್ಧದ ವೈರ ಕುತೂಹಲಕರ. ಸ್ಟುಟ್‌ಗಾರ್ಟಿನ ದರ್ಜಿಯೊಬ್ಬ ಕಲೋನಿನಲ್ಲಿ ಗುರಿಕಾರಿಕೆಯ ಸ್ಪರ್ಧೆಯಲ್ಲಿ ಗೆದ್ದಿದ್ದ. ಬಹುಮಾನವಾದ 100 ಗುಲ್ಡೆನ್ ಚಿನ್ನದ ನಾಣ್ಯಗಳನ್ನು ನಗರದವರು ಕೊಡಲಿಲ್ಲ. ದರ್ಜಿ ಗೋಟ್ಸ್‌ನ ಮೊರೆಹೊಕ್ಕ. ಗೋಟ್ಸ್ ಕಲೋನಿನ ಇಬ್ಬರು ವರ್ತಕರನ್ನು ಹಿಡಿದಿಟ್ಟ. ಬಡವನ ಪರವಾಗಿ ನಿಂತನೆಂಬ ಕೀರ್ತಿಗೆ ಇಂಥ ಪ್ರಕರಣಗಳೇ ಆಧಾರ. ಆದರೆ ಸೆರೆಸಿಕ್ಕ ಆ ವರ್ತಕರಿಗೂ ದರ್ಜಿಯ ಬಹುಮಾನಕ್ಕೂ ನೇರ ಸಂಬಂಧವಿರಲಿಲ್ಲ. ಊರಿನ ಸಾಲಕ್ಕೆ ಊರಿನ ಯಾರನ್ನು ಬೇಕಾದರೂ ಹಿಡಿಯಬಹುದೆಂಬುದು ಫೇಡೆಯ ನ್ಯಾಯವಾಗಿತ್ತು.

1512ರಲ್ಲಿ ನಡೆದದ್ದು ಇನ್ನೂ ದೊಡ್ಡ ಸಾಹಸ. ಲೈಪ್‌ಜಿಗ್ ಜಾತ್ರೆಯಿಂದ ಮರಳುತ್ತಿದ್ದ ನ್ಯೂರೆಂಬರ್ಗ್ ವರ್ತಕರ ತಂಡದ ಮೇಲೆ ಫೋರ್ಖ್‌ಹೈಮ್ ಬಳಿ ಗೋಟ್ಸ್ ಎರಗಿದ. ಆ ವರ್ತಕರು ಬಾಂಬರ್ಗ್ ಬಿಷಪ್‌ನ ರಕ್ಷಣೆಯಲ್ಲಿ ಪ್ರಯಾಣಿಸುತ್ತಿದ್ದರು. ಸಾಮ್ರಾಟ ಮ್ಯಾಕ್ಸಿಮಿಲಿಯನ್ ಕೋಪಗೊಂಡು ಗೋಟ್ಸ್‌ನ ಮೇಲೆ ಸಾಮ್ರಾಜ್ಯ ಬಹಿಷ್ಕಾರ ಹೊರಡಿಸಿದ. ಬಹಿಷ್ಕೃತನಿಗೆ ಕಾನೂನಿನ ರಕ್ಷಣೆ ಇರುತ್ತಿರಲಿಲ್ಲ. ಆತನಿಗೆ ಆಶ್ರಯ ಕೊಟ್ಟವರೂ ಅಪರಾಧಿಗಳೇ. 1514ರಲ್ಲಿ 14,000 ಗುಲ್ಡೆನ್ ತೆರಬೇಕೆಂಬ ಒಪ್ಪಂದದ ಮೇಲೆ ಬಹಿಷ್ಕಾರ ತೆರವಾಯಿತು.

ಎರಡೇ ವರ್ಷಗಳಲ್ಲಿ ಮೈಂಜ್‌ನ ಆರ್ಚ್‌ಬಿಷಪ್ಪನೊಡನೆ ಮತ್ತೊಂದು ವೈರ ಹುಟ್ಟಿತು. 1516ರಲ್ಲಿ ಗೋಟ್ಸ್ ಹೆಸ್ಸೆ ಪ್ರಾಂತ್ಯದವರೆಗೆ ನುಗ್ಗಿ ವಾಲ್ಡೆಕ್‌ನ ಕೌಂಟ್ ಫಿಲಿಪ್‌ನನ್ನು ಸೆರೆಹಿಡಿದ. ಬಿಡುಗಡೆಗಾಗಿ ದೊರೆತ ಹಣ 8 ಸಾವಿರ ಗುಲ್ಡೆನ್‌ಗೂ ಹೆಚ್ಚು. 1518ರಲ್ಲಿ ಆತ ಎರಡನೆಯ ಬಾರಿ ಬಹಿಷ್ಕೃತನಾದ.

ಭೂಮಾಲೀಕ, ಗೃಹಸ್ಥ

ಈ ಎರಡು ಘಟನೆಗಳ ನಡುವೆ, 1517ರಲ್ಲಿ, ಗೋಟ್ಸ್ ನೆಕ್ಕರ್ ನದಿಯ ಮೇಲಿನ ಗುಡ್ಡದ ಹಾರ್ನ್‌ಬರ್ಗ್ ಕೋಟೆಯನ್ನು ಕೊನ್ರಾಡ್ ಶಾಟ್ ಎಂಬ ಕುಲೀನನಿಂದ 6,500 ಗುಲ್ಡೆನ್‌ಗೆ ಖರೀದಿಸಿದ. ಕೋಟೆಯ ಕೆಳಗಿನ ಇಳಿಜಾರಿನಲ್ಲಿ ದ್ರಾಕ್ಷಿತೋಟಗಳು, ಪಕ್ಕದಲ್ಲಿ ನೆಕ್ಕರ್‌ಸಿಮ್ಮರ್ನ್ ಎಂಬ ಹಳ್ಳಿ. ಕಿರಿಯ ಮಗನಾಗಿ ಹುಟ್ಟಿದವನು ಮೂವತ್ತೇಳರ ಸುಮಾರಿಗೆ ಸ್ವಂತ ಜಮೀನಿನ ಒಡೆಯನಾದ. ವರ್ಷವೊಂದರ ಹಿಂದೆ ಕೈಸೇರಿದ್ದ ಬಿಡುಗಡೆ ಹಣದ ಮೊತ್ತವನ್ನೂ ಕೋಟೆಯ ಬೆಲೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಫೇಡೆ ಎಂಬುದು ಗೌರವದ ಪ್ರಶ್ನೆಯಷ್ಟೇ ಆಗಿರದೆ ಸಂಪಾದನೆಯ ದಾರಿಯೂ ಆಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಗೋಟ್ಸ್ ಎರಡು ಬಾರಿ ಮದುವೆಯಾದ. ಇಬ್ಬರು ಪತ್ನಿಯರ ಹೆಸರೂ ಡೊರೊಥಿಯಾ. ಮೊದಲನೆಯವಳು ಸಾಕ್ಸೆನ್‌ಹೈಮ್ ಮನೆತನದವಳು, ಎರಡನೆಯವಳು ಇಲ್ಲೆಸ್‌ಹೈಮಿನ ಗೈಲಿಂಗ್ ಮನೆತನದವಳು. ಏಳು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ವಂಶವನ್ನು ಮುಂದುವರಿಸಿದರು. ಮನೆಯ ಯಜಮಾನ ದಾಳಿಯಲ್ಲೋ ಸೆರೆಯಲ್ಲೋ ಇರುತ್ತಿದ್ದ ಕಾಲದಲ್ಲಿ ಗೇಣಿ ವಸೂಲಿ, ದ್ರಾಕ್ಷಿ ಕೊಯ್ಲು, ಪತ್ರವ್ಯವಹಾರಗಳ ಹೊಣೆ ಕೋಟೆಯಲ್ಲಿ ಉಳಿದವರ ಮೇಲೆಯೇ ಬೀಳುತ್ತಿದ್ದಿರಬೇಕು. ವೀರಗಾಥೆಗಳಲ್ಲಿ ಈ ಹೆಣ್ಣುಮಕ್ಕಳ ಪ್ರಸ್ತಾಪ ಕಡಿಮೆ.

1519ರಲ್ಲಿ ವ್ಯೂರ್ಟೆಂಬರ್ಗ್‌ನ ಡ್ಯೂಕ್ ಉಲ್ರಿಖ್ ರಾಯ್ಟ್ಲಿಂಗೆನ್ ಎಂಬ ಸ್ವತಂತ್ರ ನಗರವನ್ನು ಆಕ್ರಮಿಸಿಕೊಂಡಾಗ ಸ್ವಾಬಿಯನ್ ಒಕ್ಕೂಟ ಆತನ ಮೇಲೆ ಯುದ್ಧಕ್ಕೆ ಹೊರಟಿತು. ಇದು ದಕ್ಷಿಣ ಜರ್ಮನಿಯ ನಗರಗಳು ಮತ್ತು ಅರಸರು ಶಾಂತಿಪಾಲನೆಗೆಂದು 1488ರಲ್ಲಿ ಕಟ್ಟಿಕೊಂಡಿದ್ದ ಒಕ್ಕೂಟ. ಗೋಟ್ಸ್ ಆಗ ಉಲ್ರಿಖ್‌ನ ಪರವಾಗಿ ಮೋಕ್‌ಮ್ಯೂಲ್ ಎಂಬ ಊರಿನ ಅಧಿಕಾರಿಯಾಗಿದ್ದ. ಆಹಾರ ಮತ್ತು ಮದ್ದುಗುಂಡು ಮುಗಿದ ಮೇಲೆ, ಸುರಕ್ಷಿತವಾಗಿ ಹೊರಹೋಗಲು ಬಿಡುವ ಭರವಸೆಯ ಮೇಲೆ ಆತ ಹೊರಬಂದ. ಭರವಸೆ ಮುರಿದು ತನ್ನನ್ನು ಹಿಡಿದರೆಂಬುದು ಆತನ ಆಜೀವ ಪರ್ಯಂತದ ದೂರು.

ಹೈಲ್‌ಬ್ರಾನ್ ನಗರದಲ್ಲಿ ಮೂರೂವರೆ ವರ್ಷ ಸೆರೆ. ಅಲ್ಲಿನ ಗೋಪುರಕ್ಕೆ ತಳ್ಳಿದಾಗ ಹೆಸರಾಂತ ಯೋಧರಾದ ಫ್ರಾನ್ಸ್ ಫಾನ್ ಸಿಕಿಂಗೆನ್ ಮತ್ತು ಗೇಯೋರ್ಗ್ ಫಾನ್ ಫ್ರುಂಡ್ಸ್‌ಬರ್ಗ್ ಮಧ್ಯೆ ಬಂದು, ಆತನನ್ನು ವಸತಿಗೃಹದಲ್ಲಿ ಗೌರವದಿಂದ ಇರಿಸುವಂತೆ ಮಾಡಿದರು. 1522ರಲ್ಲಿ 2,000 ಗುಲ್ಡೆನ್ ತೆತ್ತು, ಸೇಡು ತೀರಿಸಿಕೊಳ್ಳುವುದಿಲ್ಲವೆಂದು ಪ್ರಮಾಣ ಮಾಡಿ ಗೋಟ್ಸ್ ಮನೆಗೆ ಮರಳಿದ.

ಸೆರೆವಾಸವೇ ಒಂದು ಬಗೆಯಲ್ಲಿ ಆತನನ್ನು ಉಳಿಸಿತೆನ್ನಬಹುದು. ಅದೇ 1522ರಲ್ಲಿ ಸಿಕಿಂಗೆನ್ ನೈಟ್‌ಗಳನ್ನು ಒಗ್ಗೂಡಿಸಿ ಅರಸರ ವಿರುದ್ಧ ದಂಗೆಯೆದ್ದ. 1523ರ ಮೇ ತಿಂಗಳಲ್ಲಿ ತನ್ನ ಲ್ಯಾಂಡ್‌ಸ್ಟುಲ್ ಕೋಟೆಯಲ್ಲಿ ಫಿರಂಗಿ ದಾಳಿಗೆ ಸಿಲುಕಿ ಗಾಯಗೊಂಡು ಸತ್ತ. ಆ ವರ್ಷ ಸ್ವಾಬಿಯನ್ ಒಕ್ಕೂಟ ಅನೇಕ ನೈಟ್‌ಗಳ ಕೋಟೆಗಳನ್ನು ಕೆಡವಿತು. ಹಾರ್ನ್‌ಬರ್ಗ್ ಮಾತ್ರ ಉಳಿಯಿತು.

ರೈತರ ನಾಯಕತ್ವದ ಒಂದು ತಿಂಗಳು

ಗೋಟ್ಸ್‌ನ ಬದುಕಿನ ಅತ್ಯಂತ ವಿವಾದಾಸ್ಪದ ಅಧ್ಯಾಯ 1525ರದು. ಆ ವಸಂತದಲ್ಲಿ ದಕ್ಷಿಣ ಮತ್ತು ಮಧ್ಯ ಜರ್ಮನಿಯ ರೈತರು ದಂಗೆಯೆದ್ದರು. ಜೀತದ ರದ್ದತಿ, ಕಾಡು ಮತ್ತು ನೀರಿನ ಮೇಲಿನ ಹಕ್ಕು, ನ್ಯಾಯವಾದ ಗೇಣಿ, ತಮ್ಮ ಪಾದ್ರಿಯನ್ನು ತಾವೇ ಆರಿಸುವ ಸ್ವಾತಂತ್ರ್ಯ ಮೊದಲಾದ ಹನ್ನೆರಡು ಬೇಡಿಕೆಗಳು ಮೆಮ್ಮಿಂಗೆನ್ ನಗರದಲ್ಲಿ ರೂಪುಗೊಂಡು ಊರೂರಿಗೆ ಹಬ್ಬಿದವು.

ಏಪ್ರಿಲ್ 16ರಂದು, ಈಸ್ಟರ್ ಹಬ್ಬದ ದಿನ, ರೈತರು ವೈನ್ಸ್‌ಬರ್ಗ್ ಊರನ್ನು ಹಿಡಿದು, ಅಲ್ಲಿನ ಕೌಂಟ್ ಲುಡ್ವಿಗ್ ಫಾನ್ ಹೆಲ್ಫೆನ್‌ಸ್ಟೈನ್‌ನನ್ನೂ ಆತನ ಸಂಗಡಿಗರನ್ನೂ ಈಟಿಗಳ ಸಾಲಿನ ನಡುವೆ ಓಡಿಸಿ ಕೊಂದರು. ಕೌಂಟ್‌ನ ಪತ್ನಿ ಸಾಮ್ರಾಟ ಮ್ಯಾಕ್ಸಿಮಿಲಿಯನ್‌ನ ವಿವಾಹಬಾಹಿರ ಮಗಳು. ಕುಲೀನರು ಬೆಚ್ಚಿಬಿದ್ದರು. ಹಾರ್ನ್‌ಬರ್ಗ್ ಕೋಟೆ ಅಲ್ಲಿಂದ ಹೆಚ್ಚು ದೂರವಿರಲಿಲ್ಲ.

ಯುದ್ಧ ಬಲ್ಲ ನಾಯಕ ಬೇಕೆಂದು ಓಡೆನ್‌ವಾಲ್ಡ್ ಪ್ರದೇಶದ ರೈತಪಡೆ ಗೋಟ್ಸ್‌ನನ್ನು ಆರಿಸಿತು. ಆತ ಒಪ್ಪಿದ. ಕೊಲ್ಲುವ ಬೆದರಿಕೆಗೆ ಮಣಿದು, ತನ್ನ ಹೆಂಡತಿ ಮಕ್ಕಳನ್ನೂ ನೆರೆಹೊರೆಯ ಕುಲೀನರನ್ನೂ ಉಳಿಸುವುದಕ್ಕಾಗಿ ಒಂದು ತಿಂಗಳ ಮಟ್ಟಿಗೆ ಒಪ್ಪಿದೆನೆಂದು ಆತನ ಸಮರ್ಥನೆ. ಇದಕ್ಕೂ ಮುನ್ನ ಪ್ಯಾಲಟಿನೇಟ್‌ನ ಅರಸ ತನ್ನ ನೆರವಿಗೆ ಬರುವಂತೆ ಬರೆದ ಪತ್ರ ಹಾರ್ನ್‌ಬರ್ಗ್‌ಗೆ ತಲುಪಿತ್ತೆಂದೂ, ಅತ್ತೆಯ ಮಾತಿನಂತೆ ಹೆಂಡತಿ ಅದನ್ನು ತನಗೆ ತಿಳಿಸದೆ ಮುಚ್ಚಿಟ್ಟಳೆಂದೂ ಆತ್ಮಕಥನದಲ್ಲಿದೆ. ಸಿಕ್ಕಿದ್ದರೆ ಬದುಕು ಬೇರೆ ದಾರಿ ಹಿಡಿಯುತ್ತಿತ್ತೆಂಬ ಕೊರಗು ಆ ಸಾಲುಗಳಲ್ಲಿದೆ. ಆಪಾದನೆಯನ್ನು ಮನೆಯ ಹೆಂಗಸರ ಮೇಲೆ ಹೊರಿಸುವ ಧೋರಣೆಯೂ ಅಲ್ಲಿ ಕಾಣದೆ ಇರದು.

ರೈತಪಡೆ ಆಮೋರ್‌ಬಾಖ್ ಮಠವನ್ನು ಲೂಟಿ ಮಾಡಿತು. ಗೋಟ್ಸ್ ಮತ್ತು ಕೆಲವು ಮುಖಂಡರು ಹನ್ನೆರಡು ಬೇಡಿಕೆಗಳನ್ನು ಮೃದುಗೊಳಿಸುವ ಪ್ರಕಟಣೆಯೊಂದನ್ನು ಹೊರಡಿಸಿದಾಗ ರೈತರಲ್ಲಿಯೇ ಅಸಮಾಧಾನ ಎದ್ದಿತು. ಮೇ ತಿಂಗಳಲ್ಲಿ ವ್ಯೂರ್ಟ್ಸ್‌ಬರ್ಗ್‌ನ ಬಿಷಪ್‌ನ ಮರಿಯೆನ್‌ಬರ್ಗ್ ಕೋಟೆಗೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಗೋಟ್ಸ್‌ನ ಪಡೆಯೂ ಇತ್ತು. ಕೋಟೆ ಬೀಳಲಿಲ್ಲ. ಅಷ್ಟರಲ್ಲಿ ಒಕ್ಕೂಟದ ಸೇನೆ ಸಮೀಪಿಸುತ್ತಿತ್ತು. ತಿಂಗಳ ಅವಧಿ ಮುಗಿಯಿತೆಂದು ಮೇ ಕೊನೆಯಲ್ಲಿ ಗೋಟ್ಸ್ ರೈತರನ್ನು ಬಿಟ್ಟು ಮನೆಗೆ ಮರಳಿದ. ಜೂನ್ 2ರಂದು ಕೋನಿಗ್ಸ್‌ಹೋಫೆನ್ ಬಳಿ ಆ ರೈತಪಡೆ ಒಕ್ಕೂಟದ ಕುದುರೆ ದಂಡಿಗೆ ಸಿಲುಕಿ ನಾಶವಾಯಿತು.

ಆ ಹೋರಾಟದ ಇತರ ನಾಯಕರ ಗತಿಯನ್ನು ಇಲ್ಲಿ ನೆನೆಯಬೇಕು. ವೈನ್ಸ್‌ಬರ್ಗ್ ದಾಳಿಯ ಮುಂದಾಳು ಯೆಕ್ಲೈನ್ ರೋರ್‌ಬಾಖ್‌ನನ್ನು ಜೀವಂತ ಸುಡಲಾಯಿತು. ರೈತರ ಕಾರ್ಯದರ್ಶಿಯಂತಿದ್ದ ವೆಂಡೆಲ್ ಹಿಪ್ಲರ್ 1526ರಲ್ಲಿ ಸೆರೆಯಲ್ಲಿ ಸತ್ತ. ಗೋಟ್ಸ್‌ನಂತೆಯೇ ನೈಟ್ ಆಗಿದ್ದು ರೈತರ ಪರ ಕೊನೆಯವರೆಗೂ ನಿಂತ ಫ್ಲೋರಿಯನ್ ಗೈಯರ್ ಜೂನ್ ತಿಂಗಳಲ್ಲಿ ಕೊಲೆಯಾದ. ಒಟ್ಟಾರೆ ಸತ್ತ ರೈತರ ಸಂಖ್ಯೆ 70 ಸಾವಿರದಿಂದ ಒಂದು ಲಕ್ಷದವರೆಗೆ ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಗೋಟ್ಸ್ ಮಾತ್ರ ಆನಂತರ 37 ವರ್ಷ ಬದುಕಿದ. ರೈತರ ಪಾಲಿಗೆ ಆತ ಕೈಕೊಟ್ಟವನು, ಒಕ್ಕೂಟದ ಪಾಲಿಗೆ ದಂಗೆಕೋರ.

ಕುದುರೆ ಏರದ ಹತ್ತು ವರ್ಷ

1526ರ ಅಕ್ಟೋಬರ್ 17ರಂದು ಸಾಮ್ರಾಜ್ಯದ ನ್ಯಾಯಪೀಠ ಗೋಟ್ಸ್‌ನನ್ನು ಆರೋಪಗಳಿಂದ ಮುಕ್ತಗೊಳಿಸಿತು. ಸ್ವಾಬಿಯನ್ ಒಕ್ಕೂಟ ಇದಕ್ಕೆ ತೃಪ್ತವಾಗಲಿಲ್ಲ. 1528ರಲ್ಲಿ ಆಗ್ಸ್‌ಬರ್ಗ್ ನಗರಕ್ಕೆ ಆತನನ್ನು ಬರಮಾಡಿಕೊಂಡು ಸೆರೆಯಲ್ಲಿಟ್ಟಿತು. 1530ರಲ್ಲಿ ಬಿಡುಗಡೆಯಾಯಿತಾದರೂ ಅದಕ್ಕೆ ವಿಧಿಸಿದ ಷರತ್ತುಗಳು ಕಠಿಣವಾಗಿದ್ದವು. ಹಾರ್ನ್‌ಬರ್ಗ್‌ನ ಎಲ್ಲೆ ದಾಟಿ ಹೋಗಕೂಡದು. ಒಂದು ರಾತ್ರಿಯೂ ಕೋಟೆಯ ಹೊರಗೆ ತಂಗಕೂಡದು. ಇನ್ನೆಂದೂ ಕುದುರೆ ಏರಕೂಡದು. ಗೋಟ್ಸ್ ಹಾಗೆಯೇ ನಡೆಯುವುದಾಗಿ ಪ್ರಮಾಣ ಮಾಡಿದ.

ಕುದುರೆಯ ಮೇಲಿನ ಯೋಧನೆಂಬುದೇ ನೈಟ್ ಎಂಬ ಪದವಿಯ ಅರ್ಥ. ಜರ್ಮನ್ ಭಾಷೆಯಲ್ಲಿ ನೈಟ್‌ಗೆ ಇರುವ ಪದ ಹುಟ್ಟಿರುವುದೂ ಸವಾರನೆಂಬ ಪದದಿಂದಲೇ. ಕೈ ಹೋದರೂ ಕುದುರೆ ಬಿಡದಿದ್ದವನು ಐವತ್ತರ ವಯಸ್ಸಿನಲ್ಲಿ, ದೇಹದಲ್ಲಿ ಕಸುವಿದ್ದಾಗಲೇ, ಮಾತಿಗೆ ಕಟ್ಟುಬಿದ್ದು ಲಾಯದ ಕಡೆ ಹೆಜ್ಜೆ ಹಾಕಲಿಲ್ಲ. ದ್ರಾಕ್ಷಿತೋಟ, ಹೊಲ, ಮಕ್ಕಳು, ಹಳ್ಳಿಯ ವಿವಾದಗಳ ನಡುವೆ ಹತ್ತು ವರ್ಷ ಕಳೆದ. ಇದೇ ಅವಧಿಯಲ್ಲಿ, 1534ರಲ್ಲಿ, ಆತನನ್ನು ಕಟ್ಟಿಹಾಕಿದ್ದ ಸ್ವಾಬಿಯನ್ ಒಕ್ಕೂಟವೇ ವಿಸರ್ಜನೆಯಾಯಿತು. ಪ್ರತಿಜ್ಞೆ ಮಾತ್ರ ಉಳಿಯಿತು.

1540ರಲ್ಲಿ ಸಾಮ್ರಾಟ ಐದನೆಯ ಚಾರ್ಲ್ಸ್ ಗೋಟ್ಸ್‌ನನ್ನು ಪ್ರತಿಜ್ಞೆಯಿಂದ ಬಿಡುಗಡೆಗೊಳಿಸಿದ. 1541ರಲ್ಲಿ ಬುಡಾ ನಗರ ಆಟೊಮನ್ ಸುಲ್ತಾನ ಸುಲೈಮಾನನ ವಶವಾಗಿತ್ತು. 1542ರಲ್ಲಿ ಅರವತ್ತು ದಾಟಿದ ಗೋಟ್ಸ್ ನೂರು ಸವಾರರನ್ನು ಕೂಡಿಸಿಕೊಂಡು ತುರ್ಕರ ವಿರುದ್ಧದ ದಂಡಯಾತ್ರೆಗೆ ಹೊರಟ. ಯಾವ ಸಾಮ್ರಾಜ್ಯ ಎರಡು ಬಾರಿ ಬಹಿಷ್ಕರಿಸಿತ್ತೋ ಅದೇ ಸಾಮ್ರಾಜ್ಯದ ಕರೆಗೆ ಆತ ಓಗೊಟ್ಟ. 1544ರಲ್ಲಿ ಚಾರ್ಲ್ಸ್‌ನ ಸೈನ್ಯದೊಡನೆ ಫ್ರಾನ್ಸಿಗೂ ಹೋದ. ಅದೇ ಆತನ ಕೊನೆಯ ಯುದ್ಧ.

ಆತ್ಮಕಥನ ಮತ್ತು ಕೀರ್ತಿ

ಮುಪ್ಪಿನಲ್ಲಿ ದೃಷ್ಟಿ ಮಂದವಾದ ಮೇಲೆ ಗೋಟ್ಸ್ ತನ್ನ ಜೀವನ ವೃತ್ತಾಂತವನ್ನು ಹೇಳಿ ಬರೆಸಿದ. ಹೈಲ್‌ಬ್ರಾನ್ ನಗರದ ಇಬ್ಬರು ಗಣ್ಯರ ಒತ್ತಾಯ ಇದಕ್ಕೆ ಪ್ರೇರಣೆ. ಅದರ ಬಹುಭಾಗ ಫೇಡೆಗಳ ವಿವರ; ಹೃದಯಭಾಗದಲ್ಲಿರುವುದು 1525ರ ಆ ಒಂದು ತಿಂಗಳ ಸಮರ್ಥನೆ. ನ್ಯಾಯಾಲಯ ಖುಲಾಸೆ ಮಾಡಿ ಮೂರು ದಶಕ ಕಳೆದಿದ್ದರೂ ಆ ಪ್ರಶ್ನೆ ಆತನ ಮನಸ್ಸಿನಲ್ಲಿ ತೀರಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

1562ರ ಜುಲೈ 23ರಂದು ಗೋಟ್ಸ್ ಹಾರ್ನ್‌ಬರ್ಗ್ ಕೋಟೆಯಲ್ಲಿ ಹಾಸಿಗೆಯ ಮೇಲೆ ಕೊನೆಯುಸಿರೆಳೆದ. ಆತ ಲೂಥರ್‌ನ ಸುಧಾರಿತ ಮತವನ್ನು ಒಪ್ಪಿದ್ದವನು. ಆದರೂ ಹಿರಿಯರು ಮಲಗಿರುವ ಕ್ಯಾಥೊಲಿಕ್ ಶೋನ್‌ಟಾಲ್ ಮಠದಲ್ಲಿಯೇ ಆತನ ಸಮಾಧಿಯಾಯಿತು. ಕವಚ ತೊಟ್ಟು ಮೊಣಕಾಲೂರಿ ಪ್ರಾರ್ಥಿಸುತ್ತಿರುವ ಆತನ ಶಿಲಾಪ್ರತಿಮೆಯನ್ನು ಅಲ್ಲಿ ಇಂದಿಗೂ ಕಾಣಬಹುದು.

ಆತ್ಮಕಥನ 1731ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಮುದ್ರಣಗೊಂಡಿತು. ಆತ ಹಗೆಯೆಂದು ಬಗೆದ ಊರೇ ಆತನ ಮಾತುಗಳನ್ನು ಅಚ್ಚು ಹಾಕಿತು. ಅದನ್ನೋದಿದ ಗಯಟೆ ನಾಟಕ ಬರೆದ. ನಾಟಕದಲ್ಲಿ ಗೋಟ್ಸ್ ರೈತರ ದಂಗೆಯ ಬಳಿಕ ಹೈಲ್‌ಬ್ರಾನ್ ಸೆರೆಯಲ್ಲಿ ಸ್ವಾತಂತ್ರ್ಯವನ್ನು ಹಂಬಲಿಸುತ್ತ ಸಾಯುತ್ತಾನೆ. ನಿಜವಾದ ಗೋಟ್ಸ್ ಮಾಡಿದಂತೆ ಷರತ್ತುಗಳಿಗೆ ಒಪ್ಪಿ ಮನೆಗೆ ಮರಳಿ ಮುದುಕನಾಗುವುದು ರಂಗಭೂಮಿಯ ವೀರನಿಗೆ ಒಪ್ಪುವಂತಿರಲಿಲ್ಲವೆಂದು ತೋರುತ್ತದೆ. 1799ರಲ್ಲಿ ವಾಲ್ಟರ್ ಸ್ಕಾಟ್ ಇದನ್ನು ಇಂಗ್ಲಿಷಿಗೆ ಅನುವಾದಿಸಿದ. 1951ರಲ್ಲಿ ಫ್ರಾನ್ಸಿನ ಸಾರ್ತ್ರ್ ಕೂಡ ಇದೇ ಹೆಸರಿನ ಪಾತ್ರವನ್ನಿಟ್ಟು ನಾಟಕ ರಚಿಸಿದ. ನಡುವೆ, 1943ರಲ್ಲಿ, ಹಿಟ್ಲರನ ಎಸ್‌ಎಸ್ ಪಡೆಯ ವಿಭಾಗವೊಂದು ಗೋಟ್ಸ್‌ನ ಹೆಸರನ್ನೂ ಕಬ್ಬಿಣದ ಮುಷ್ಟಿಯ ಲಾಂಛನವನ್ನೂ ತನ್ನದಾಗಿಸಿಕೊಂಡಿತ್ತು. ಸತ್ತವನ ಹೆಸರಿಗೆ ಕಾವಲುಗಾರರಿಲ್ಲ.

ಹಾರ್ನ್‌ಬರ್ಗ್ ಕೋಟೆ ಬರ್ಲಿಖಿಂಗೆನ್ ವಂಶದ ಕೈತಪ್ಪಿ 1612ರಲ್ಲಿ ಗೆಮ್ಮಿಂಗೆನ್ ಮನೆತನಕ್ಕೆ ಸೇರಿತು. ಅದರ ದ್ರಾಕ್ಷಿತೋಟಗಳು ಇಂದಿಗೂ ಹೆಸರುವಾಸಿ. ಯಾಗ್ಸ್ಟ್‌ಹೌಸನ್ ಕೋಟೆ ಮಾತ್ರ ಬರ್ಲಿಖಿಂಗೆನ್ ಕುಟುಂಬದಲ್ಲಿಯೇ ಉಳಿಯಿತು. 1950ರಲ್ಲಿ ಅದರ ಅಂಗಳದಲ್ಲಿ ಬೇಸಿಗೆಯ ನಾಟಕೋತ್ಸವ ಆರಂಭವಾಯಿತು. ಗಯಟೆಯ ಗೋಟ್ಸ್ ಅಲ್ಲಿ ಮತ್ತೆ ಮತ್ತೆ ರಂಗವೇರಿ ಸ್ವಾತಂತ್ರ್ಯಕ್ಕಾಗಿ ಪ್ರಾಣಬಿಟ್ಟಿದ್ದಾನೆ. ಅದೇ ಕೋಟೆಯ ಸಂಗ್ರಹದಲ್ಲಿ ಆ ಎರಡು ಕಬ್ಬಿಣದ ಕೈಗಳೂ ಇವೆ. ದರ್ಜಿಯ ಬಹುಮಾನಕ್ಕಾಗಿ ವರ್ತಕರನ್ನು ಹಿಡಿದ, ಲೈಪ್‌ಜಿಗ್ ದಾರಿಯಲ್ಲಿ ದರೋಡೆ ನಡೆಸಿದ, ರೈತರ ಮುಂದೆ ಒಂದು ತಿಂಗಳು ನಿಂತು ಹಿಂತಿರುಗಿದ, ಕೊಟ್ಟ ಮಾತಿಗಾಗಿ ಹತ್ತು ವರ್ಷ ಲಗಾಮು ಮುಟ್ಟದೆ ಉಳಿದ ಒಬ್ಬನೇ ಮನುಷ್ಯನ ಕೈಗಳವು.